ಆರಂಭದ ಆಜ್ಞೆ

ಮಾನ್ವಿ ಸೀಮೆಯ ರೈತನ ಬಾಳಿನಲ್ಲಿ ಪಹಣಿ ಎಂಬ ಹಾಳೆಗೆ ಇರುವ ಮಹತ್ವ ಸಾಮಾನ್ಯವಾದುದಲ್ಲ. ಹೊಲ ಯಾರದು, ಅದರ ವಿಸ್ತೀರ್ಣವೆಷ್ಟು, ಅದರಲ್ಲಿ ಬೆಳೆದುದು ಭತ್ತವೋ ಹತ್ತಿಯೋ ಜೋಳವೋ, ಅದರ ಮೇಲೆ ಸಾಲದ ಭಾರವಿದೆಯೋ ಇಲ್ಲವೋ ಎಂಬ ವಿವರಗಳೆಲ್ಲ ಆ ಒಂದು ಹಾಳೆಯಲ್ಲಿ ಅಡಕವಾಗಿರುತ್ತವೆ. ಬೆಳೆಸಾಲ ಪಡೆಯಲು ಹೋದರೂ, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಲು ಹೊರಟರೂ ಮೊದಲು ಕೇಳುವುದು ಪಹಣಿಯನ್ನೇ.

ಈ ದಾಖಲೆಗಳಿಗೆ ಒಂದು ಇತಿಹಾಸವುಂಟು. 1956ರ ನವೆಂಬರ್ 1ರವರೆಗೆ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ನಿಜಾಮರ ಆಳ್ವಿಕೆಯಲ್ಲಿ ಸರ್ಕಾರದ ಭಾಷೆ ಉರ್ದು. ಆ ಕಾಲದ ಕಂದಾಯ ದಾಖಲೆಗಳಲ್ಲಿ ಅನೇಕವು ಉರ್ದುವಿನಲ್ಲಿಯೇ ಇವೆ. ಇಂದು ಅವುಗಳನ್ನು ಓದಬೇಕಾದರೆ ಆ ಲಿಪಿ ಬಲ್ಲವರನ್ನು ಅರಸಿಕೊಂಡು ಹೋಗಬೇಕು. ಬರೆದವನಿಗೆ ಅದು ಸ್ಪಷ್ಟವಾಗಿಯೇ ಇತ್ತು, ಬದಲಾದವನು ಓದುಗ. ಮುಂದೆ ಗ್ರಾಮಲೆಕ್ಕಿಗರ ಕೈಬರಹದ ಪಹಣಿಗಳು ಬಂದವು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು ‘ಭೂಮಿ’ ಎಂಬ ಯೋಜನೆಯಡಿಯಲ್ಲಿ ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಎರಡು ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಅಂದು ರಾಜ್ಯದಲ್ಲಿದ್ದ 177 ತಾಲ್ಲೂಕುಗಳ ಕಚೇರಿಗಳಲ್ಲಿಯೂ ಹದಿನೈದು ರೂಪಾಯಿ ತೆತ್ತು ಮುದ್ರಿತ ಪಹಣಿಯನ್ನು ಪಡೆಯುವ ವ್ಯವಸ್ಥೆಯಾಯಿತು. ಈಗ ಅದೇ ಪಹಣಿಯನ್ನು ಹೊಲದ ಬದುವಿನ ಮೇಲೆ ನಿಂತು ಕೈಫೋನಿನಲ್ಲಿಯೂ ನೋಡಬಹುದು.

ನೋಡಲಾಗದ ದಿನಗಳೂ ಉಂಟು. ಅಂಥ ದಿನ ಕಿಟಕಿಯ ಆಚೆಯಿಂದ ಬರುವ ಉತ್ತರ ಈ ಭಾಗದ ಜನರಿಗೆಲ್ಲ ಚಿರಪರಿಚಿತ: “ಸರ್ವರ್ ಇಲ್ರೀ, ನಾಳಿ ಬರ್ರಿ.” ಹಳ್ಳಿಯಿಂದ ಬಸ್ಸು ಹಿಡಿದು, ಒಂದು ದಿನದ ಕೂಲಿಯನ್ನು ಬಿಟ್ಟು ಬಂದವನಿಗೆ ಆ ಮಾತಿನ ಬೆಲೆ ಏನೆಂಬುದು ಗೊತ್ತು. ಸರ್ವರ್ ಎಂದರೇನು, ಅದು ‘ಇಲ್ಲ’ವಾಗುವುದು ಹೇಗೆ, ಮತ್ತೆ ‘ಇದೆ’ ಎನಿಸುವಂತೆ ಮಾಡಲು ಯಾರು ಏನು ಬರೆದಿಡಬೇಕು ಎಂಬುದು ವಿಚಾರಯೋಗ್ಯವಾದ ಸಂಗತಿ.

ಸರ್ವರ್ ಎಂಬ ಪದಕ್ಕೆ ಸೇವೆ ಮಾಡುವುದು ಎಂದರ್ಥ. ಅದೊಂದು ಕ್ರಮವಿಧಿ, ಎಂದರೆ ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಮು. ದೂರದಿಂದ ಯಾರಾದರೂ ಪುಟವೊಂದನ್ನು ಕೇಳುವರೆಂದು ಹಗಲಿರುಳು ಕಾದಿದ್ದು, ಕೇಳಿದೊಡನೆ ಕಳುಹಿಸಿಕೊಡುವುದೇ ಅದರ ಕೆಲಸ. ಜಾಲಪುಟಗಳನ್ನು ಒದಗಿಸುವ ಇಂಥ ಕ್ರಮವಿಧಿಗಳಲ್ಲಿ ಎಂಜಿನ್‌ಎಕ್ಸ್ ಎಂಬುದು ಬಹು ಪ್ರಸಿದ್ಧವಾದುದು. ರಷ್ಯದ ಇಗೋರ್ ಸಿಸೊಯೆವ್ ಅದನ್ನು ರಚಿಸಿ 2004ರಲ್ಲಿ ಲೋಕಕ್ಕೆ ಮುಕ್ತವಾಗಿ ನೀಡಿದನು. ಎಷ್ಟೇ ದಕ್ಷವಾದ ಸರ್ವರ್ ಆದರೂ ತಾನಾಗಿ ಏಳಲಾರದು. ಇಂಥ ಕಡತವನ್ನು ಓದಿಕೊಂಡು, ಇಂಥ ಬಾಗಿಲಲ್ಲಿ ನಿಂತು ಕೆಲಸ ಆರಂಭಿಸು ಎಂದು ಅದಕ್ಕೆ ಯಾರಾದರೂ ಹೇಳಬೇಕು. ಹಾಗೆ ಹೇಳುವ ಒಂದು ಸಾಲೇ ಆರಂಭದ ಆಜ್ಞೆ.

ಇಂದು ಅನೇಕ ಸರ್ವರುಗಳು ಕಂಟೇನರ್ ಎಂಬ ಪೆಟ್ಟಿಗೆಯೊಳಗೆ ಕೆಲಸ ಮಾಡುತ್ತವೆ. ಈ ಹೆಸರು ಬಂದುದು ಬಂದರುಗಳಿಂದ. ರಾಯಚೂರು ಜಿಲ್ಲೆ ಕನ್ನಡನಾಡನ್ನು ಕೂಡಿದ 1956ರಲ್ಲಿಯೇ, ಏಪ್ರಿಲ್ 26ರಂದು, ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಐಡಿಯಲ್ ಎಕ್ಸ್ ಎಂಬ ಹಡಗು 58 ದೊಡ್ಡ ಲೋಹದ ಪೆಟ್ಟಿಗೆಗಳನ್ನು ಹೊತ್ತು ಹ್ಯೂಸ್ಟನ್ ನಗರಕ್ಕೆ ಹೊರಟಿತು. ಲಾರಿಗಳ ಉದ್ಯಮಿಯಾಗಿದ್ದ ಮಾಲ್ಕಮ್ ಮೆಕ್ಲೀನ್ ಈ ಏರ್ಪಾಡನ್ನು ಮಾಡಿದ್ದನು. ಅದುವರೆಗೆ ಹತ್ತಿಯ ಅಂಡಿಗೆ, ಎಣ್ಣೆಯ ಪೀಪಾಯಿ, ಧಾನ್ಯದ ಚೀಲ ಎಲ್ಲವನ್ನೂ ಬಿಡಿಬಿಡಿಯಾಗಿ ಹೊತ್ತು ಹಡಗಿಗೆ ತುಂಬಬೇಕಾಗಿತ್ತು. ಒಂದೇ ಅಳತೆಯ ಪೆಟ್ಟಿಗೆ ಬಂದ ಮೇಲೆ ಒಳಗೆ ಏನಿದೆ ಎಂಬುದು ಹಡಗಿಗೂ ಲಾರಿಗೂ ಬೇಡವಾಯಿತು.

ಗಣಕಲೋಕದಲ್ಲಿ ಇದ್ದ ತೊಡಕೂ ಅಂಥದೇ. ಒಬ್ಬನ ಯಂತ್ರದಲ್ಲಿ ಸೊಗಸಾಗಿ ನಡೆದ ಕ್ರಮವಿಧಿ ಇನ್ನೊಬ್ಬನ ಯಂತ್ರದಲ್ಲಿ ನಡೆಯುತ್ತಿರಲಿಲ್ಲ. ಅಲ್ಲಿ ಬೇಕಾದ ಒಂದು ಕಡತ ಇಲ್ಲದಿರುತ್ತಿತ್ತು, ಇಲ್ಲವೆ ಬೇರೆ ಆವೃತ್ತಿಯದಾಗಿರುತ್ತಿತ್ತು. ಕ್ರಮವಿಧಿಯನ್ನು ಅದಕ್ಕೆ ಬೇಕಾದ ಎಲ್ಲ ಪರಿಕರಗಳೊಡನೆ ಒಂದೇ ಗಂಟಾಗಿ ಕಟ್ಟಿ ಸಾಗಿಸುವ ಸುಲಭೋಪಾಯವನ್ನು 2013ರ ಮಾರ್ಚಿಯಲ್ಲಿ ಸಾಲಮನ್ ಹೈಕ್ಸ್ ಎಂಬಾತ ‘ಡಾಕರ್’ ಎಂಬ ಹೆಸರಿನಿಂದ ಪ್ರದರ್ಶಿಸಿದನು. ಕಟ್ಟಿಟ್ಟ ಗಂಟಿಗೆ ಇಮೇಜ್ ಎಂದೂ, ಅದನ್ನು ಬಿಚ್ಚಿ ಜೀವ ತುಂಬಿದಾಗ ಆಗುವುದಕ್ಕೆ ಕಂಟೇನರ್ ಎಂದೂ ಹೆಸರು. ಇದರ ಮೂಲಸಾಮಗ್ರಿ ಡಾಕರ್‌ಗಿಂತ ಹಳೆಯದು. ಕ್ರಮವಿಧಿಗಳಿಗೆ ಪ್ರತ್ಯೇಕ ಲೋಕವನ್ನು ತೋರಿಸುವ ಉಪಾಯವೂ, ಅವು ಬಳಸುವ ನೆನಪಿಗೆ ಮಿತಿ ಹಾಕುವ ಉಪಾಯವೂ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಮೊದಲೇ ಇದ್ದುವು.

ಆ ಪ್ರತ್ಯೇಕ ಲೋಕದ ಒಂದು ನಿಯಮವನ್ನು ಚೆನ್ನಾಗಿ ಮನದಟ್ಟು ಮಾಡಿಕೊಂಡರೆ ಮುಂದಿನದೆಲ್ಲ ಸುಲಭ. ಲಿನಕ್ಸಿನಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ಕೂ ಒಂದು ಸಂಖ್ಯೆ ಇರುತ್ತದೆ. ಕಂಟೇನರಿನೊಳಗೆ ಆರಂಭದ ಆಜ್ಞೆಯಿಂದ ಹುಟ್ಟುವ ಕಾರ್ಯದ ಸಂಖ್ಯೆ 1. ಈ ಒಂದನೆಯ ಕಾರ್ಯ ಇರುವವರೆಗೆ ಕಂಟೇನರ್ ಇರುತ್ತದೆ. ಅದು ಮುಗಿದ ಕ್ಷಣ ಕಂಟೇನರೂ ಮುಗಿಯುತ್ತದೆ. ಒಳಗೆ ಬೇರೆ ಹತ್ತು ಕಾರ್ಯಗಳು ನಡೆಯುತ್ತಿದ್ದರೂ ಅವುಗಳಿಗೆ ಉಳಿವಿಲ್ಲ.

ಎಂಜಿನ್‌ಎಕ್ಸಿನ ಹಳೆಯ ಅಭ್ಯಾಸವೊಂದು ಇಲ್ಲಿ ವಿಘ್ನವಾಗುತ್ತದೆ. ಕಂಟೇನರುಗಳು ಬರುವ ಮುಂಚೆ ಸರ್ವರನ್ನು ಎಬ್ಬಿಸುವವನು ಯಂತ್ರದ ಮುಂದೆ ಕುಳಿತು ಆಜ್ಞೆಯನ್ನು ಬೆರಳಚ್ಚಿಸುತ್ತಿದ್ದನು. ಅವನು ಎದ್ದು ಹೋದ ಮೇಲೆಯೂ ಕೆಲಸ ನಡೆಯಬೇಕಲ್ಲವೇ? ಅದಕ್ಕಾಗಿ ಸರ್ವರ್ ತನ್ನದೊಂದು ಪ್ರತಿಯನ್ನು ತೆರೆಯ ಮರೆಗೆ ಕಳುಹಿಸಿ, ತಾನು ಮುಗಿದುಹೋಗುತ್ತಿತ್ತು. ಹೀಗೆ ಮರೆಯಲ್ಲಿದ್ದು ದುಡಿಯುವ ಕಾರ್ಯಕ್ಕೆ ಡೀಮನ್ ಎಂದು ಹೆಸರು. ಕಂಟೇನರಿನಲ್ಲಿ ಇದೇ ಸದಭ್ಯಾಸ ಮಾರಕವಾಗುತ್ತದೆ. ಒಂದನೆಯ ಕಾರ್ಯವಾದ ಎಂಜಿನ್‌ಎಕ್ಸ್ ಪ್ರತಿಯನ್ನು ಮರೆಗೆ ಕಳುಹಿಸಿ ತಾನು ಮುಗಿಯುತ್ತದೆ. ಅದರೊಡನೆ ಕಂಟೇನರೂ, ಆಗತಾನೆ ಹುಟ್ಟಿದ ಪ್ರತಿಯೂ ಮುಗಿಯುತ್ತವೆ. ಎಬ್ಬಿಸಿದವನಿಗೆ ಕಾಣುವುದು ಇಷ್ಟೇ: ಕಂಟೇನರ್ ಎದ್ದಿತು, ಒಂದು ದೋಷವನ್ನೂ ಹೇಳದೆ ನಿಂತುಹೋಯಿತು. ಆದುದರಿಂದಲೇ ಎಂಜಿನ್‌ಎಕ್ಸಿನ ಅಧಿಕೃತ ಇಮೇಜಿನ ಆರಂಭದ ಆಜ್ಞೆಯಲ್ಲಿ ‘ಡೀಮನ್ ಆಫ್’ ಎಂಬ ಎರಡು ಪದಗಳಿವೆ. ಮರೆಗೆ ಹೋಗಬೇಡ, ಮುಂದೆಯೇ ನಿಲ್ಲು ಎಂಬುದು ಅದರ ತಾತ್ಪರ್ಯ.

ಇನ್ನು ಒಂದು ಕಲ್ಪಿತ ಪ್ರಸಂಗವನ್ನು ತೆಗೆದುಕೊಳ್ಳಬಹುದು. ಮಾನ್ವಿಯ ಹೊಲಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನಲ್ಲಿ ಹೊರಟು ಗಂಗಾವತಿ, ಸಿಂಧನೂರುಗಳ ಕಡೆಯಿಂದ ಬರುತ್ತದೆ. ಮಾನ್ವಿ ಅದರ ಕೊನೆಯ ಭಾಗದಲ್ಲಿದೆ. ಇಂದು ಗೇಜಿನಲ್ಲಿ ನೀರು ಎಷ್ಟು ಅಡಿ ಇದೆ ಎಂಬುದು ಇಲ್ಲಿನ ಕೊನೆಭಾಗದ ರೈತರ ನಿತ್ಯದ ಪ್ರಶ್ನೆ. ರೈತರ ಸಂಘವೊಂದು ಈ ಮಟ್ಟವನ್ನು ಪ್ರತಿ ಬೆಳಿಗ್ಗೆ ತಿಳಿಸುವ ಜಾಲಪುಟವನ್ನು ಇಟ್ಟಿದೆ ಎಂದು ಭಾವಿಸೋಣ. ಅದನ್ನು ಕಟ್ಟಿದ ತರುಣನು ಬುದ್ಧಿವಂತ, ಆದರೆ ಅವಸರದವನು. ಒಂದೊಂದು ತೊಂದರೆ ಬಂದಾಗಲೂ ಆರಂಭದ ಆಜ್ಞೆಗೆ ಒಂದೊಂದು ಬಾಲವನ್ನು ಕಟ್ಟುತ್ತ ಹೋದನು. ವರ್ಷವಾಗುವಷ್ಟರಲ್ಲಿ ಆ ಆಜ್ಞೆ ಹೀಗೆ ಬೆಳೆದಿತ್ತು: ಮೂವತ್ತು ಸೆಕೆಂಡು ನಿದ್ರಿಸು, ಆಮೇಲೆ ವಿನ್ಯಾಸದ ಕಡತದಲ್ಲಿ ಹಳೆಯ ವಿಳಾಸವನ್ನು ಹುಡುಕಿ ಹೊಸದನ್ನು ಹಾಕು, ಆಮೇಲೆ ಇಂಥ ಗುಪ್ತಪದವನ್ನು ಬಳಸಿ ಮಾಹಿತಿಕೋಶವನ್ನು ಸಿದ್ಧಪಡಿಸು, ಅದು ಆಗದಿದ್ದರೂ ಚಿಂತೆಯಿಲ್ಲ ಮುಂದೆ ನಡೆ, ಎಂಜಿನ್‌ಎಕ್ಸನ್ನು ಎಬ್ಬಿಸು, ಆಮೇಲೆ ಭೇಟಿಗಳ ದಾಖಲೆಯ ಕೊನೆಯ ಸಾಲುಗಳನ್ನು ನೋಡುತ್ತ ಕುಳಿತಿರು. ಇಷ್ಟೂ ಒಂದೇ ಸಾಲಿನಲ್ಲಿ! ನಡುವೆ ಉದ್ಧರಣ ಚಿಹ್ನೆಗಳು, ಅವುಗಳೊಳಗೆ ಮತ್ತೆ ಉದ್ಧರಣ ಚಿಹ್ನೆಗಳು, ಓರೆಗೆರೆಗಳು.

ಆ ತರುಣನು ಬೆಂಗಳೂರಿನಲ್ಲಿ ನೌಕರಿ ಹಿಡಿದು ಹೊರಟುಹೋದನು. ಅವನ ಸ್ಥಾನಕ್ಕೆ ಬಂದವಳು ಒಂದು ರಾತ್ರಿ, ಜಾಲಪುಟ ನಿಂತಿದೆ ಎಂಬ ಕರೆ ಬಂದಾಗ, ಈ ಸಾಲನ್ನು ತೆರೆದು ನೋಡುತ್ತಾಳೆ. ಉರ್ದು ಬಾರದವನ ಕೈಗೆ ನಿಜಾಮರ ಕಾಲದ ದಾಖಲೆಯನ್ನು ಕೊಟ್ಟಂತೆ ಆಗುತ್ತದೆ. ಯಂತ್ರಕ್ಕೆ ಆ ಸಾಲು ಅರ್ಥವಾಗುತ್ತದೆ ಎಂಬುದು ಅವಳಿಗೆ ಸಮಾಧಾನ ನೀಡುವ ಮಾತಲ್ಲ.

ದೋಷಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಸಾಲಿನ ಕೊನೆಯಲ್ಲಿದೆ. ಎಂಜಿನ್‌ಎಕ್ಸ್ ಮರೆಗೆ ಹೋದೊಡನೆ ಕಂಟೇನರ್ ನಿಲ್ಲುತ್ತಿದ್ದುದನ್ನು ಕಂಡ ತರುಣನು, ಕಾರಣವನ್ನು ಅರಸದೆ, ಎಂದಿಗೂ ಮುಗಿಯದ ಇನ್ನೊಂದು ಕಾರ್ಯವನ್ನು, ಎಂದರೆ ದಾಖಲೆಯನ್ನು ನೋಡುತ್ತ ಕೂಡುವುದನ್ನು, ಕೊನೆಗೆ ಅಂಟಿಸಿದ್ದನು. ಕಂಟೇನರ್ ನಿಲ್ಲುವುದು ತಪ್ಪಿತು, ನಿಜ. ಆದರೆ ಈಗ ಅದರ ಜೀವ ಸರ್ವರನ್ನು ಅವಲಂಬಿಸಿಲ್ಲ. ಸರ್ವರ್ ಸತ್ತರೂ ದಾಖಲೆ ನೋಡುವ ಕಾರ್ಯ ಕುಳಿತೇ ಇರುತ್ತದೆ. ಕಂಟೇನರ್ ಬದುಕಿದೆ ಎಂದೇ ಮೇಲ್ವಿಚಾರಣೆ ಮಾಡುವ ವ್ಯವಸ್ಥೆ ತಿಳಿಯುತ್ತದೆ. ಸತ್ತ ಕಂಟೇನರನ್ನು ತಾನಾಗಿ ಮತ್ತೆ ಎಬ್ಬಿಸುವ ಏರ್ಪಾಡು ಇದ್ದರೂ ಅದು ಕೈಕಟ್ಟಿ ನಿಲ್ಲುತ್ತದೆ. ರೈತನಿಗೆ ಪುಟ ಸಿಗುವುದಿಲ್ಲ, ಯಂತ್ರದ ಲೆಕ್ಕದಲ್ಲಿ ಎಲ್ಲವೂ ಕ್ಷೇಮ. ‘ಡೀಮನ್ ಆಫ್’ ಎಂಬ ಎರಡು ಪದಗಳನ್ನು ಬರೆದಿದ್ದರೆ ಈ ಅಂಟು ಬೇಕಾಗಿರಲಿಲ್ಲ.

ಮೂವತ್ತು ಸೆಕೆಂಡಿನ ನಿದ್ರೆಯೂ ಇಂಥದೇ ಊಹೆ. ಮಾಹಿತಿಕೋಶ ಏಳುವವರೆಗೆ ಕಾಯುವುದು ಅದರ ಉದ್ದೇಶ. ಮುನಿರಾಬಾದಿನಲ್ಲಿ ತೂಬು ಎತ್ತಿದ ನೀರು ಮಾನ್ವಿಗೆ ಇಷ್ಟು ಗಂಟೆಗೆ ಮುಟ್ಟುವುದೆಂದು ಗಡಿಯಾರ ನೋಡಿ ಹೇಳುವ ರೈತ ಇಲ್ಲಿ ಸಿಗಲಾರನು. ನಡುವೆ ಎಷ್ಟು ಕಡೆ ನೀರು ತಿರುಗಿತು ಎಂಬುದು ಯಾರಿಗೆ ಗೊತ್ತು? ಅವನು ಹೋಗಿ ಗೇಜನ್ನು ನೋಡುತ್ತಾನೆ. ಹಾಗೆಯೇ ಮಾಹಿತಿಕೋಶವನ್ನು ‘ಸಿದ್ಧವಾಗಿರುವೆಯಾ’ ಎಂದು ಕೇಳಿ, ಉತ್ತರ ಬಂದ ಮೇಲೆ ಮುಂದುವರಿಯುವ ಪರೀಕ್ಷೆಯನ್ನು ಬರೆಯಬೇಕು. ಇಷ್ಟು ಸಲ ಕೇಳಿಯೂ ಉತ್ತರ ಬಾರದಿದ್ದರೆ ಕಾರಣವನ್ನು ಹೇಳಿ ನಿಲ್ಲಬೇಕೆಂಬ ಮಿತಿಯನ್ನೂ ಹಾಕಬೇಕು.

ಗುಪ್ತಪದವನ್ನು ಆಜ್ಞೆಯಲ್ಲಿ ಬರೆಯಬಾರದೆಂಬುದಕ್ಕೆ ಹೆಚ್ಚು ವಾದ ಬೇಡ. ನಡೆಯುತ್ತಿರುವ ಕಾರ್ಯಗಳ ಪಟ್ಟಿಯನ್ನು ಕೇಳಿದವರಿಗೆಲ್ಲ ಅವುಗಳ ಆಜ್ಞೆಗಳು ಪೂರ್ತಿಯಾಗಿ ಕಾಣಬಹುದು.

ಹೊಸಬಳು ಮಾಡಿದ ತಿದ್ದುಪಡಿಗಳಲ್ಲಿ ಮೊದಲನೆಯದು ಬದಲಾಗುವ ಸಂಗತಿಗಳನ್ನು ಬದಲಾಗದವುಗಳಿಂದ ಬೇರ್ಪಡಿಸಿದುದು. ಮಾಹಿತಿಕೋಶದ ವಿಳಾಸ, ಸರ್ವರ್ ನಿಲ್ಲುವ ಬಾಗಿಲಿನ ಸಂಖ್ಯೆ ಮುಂತಾದವು ಊರಿನಿಂದ ಊರಿಗೆ ಬೇರೆಯಾಗುತ್ತವೆ. ಇವುಗಳಿಗೆ ಹೆಸರು ಕೊಟ್ಟು ಹೊರಗಿನಿಂದ ಒದಗಿಸುವ ಕ್ರಮವುಂಟು. ಇಂಥ ಹೆಸರುಗಳಿಗೆ ಪರಿಸರ ಚಲಕಗಳೆಂದು ಹೇಳುತ್ತಾರೆ. ವಿನ್ಯಾಸದ ಕಡತವನ್ನು ಒಂದು ನಮೂನೆಯಾಗಿ ಬರೆದು, ಬೆಲೆಗಳು ಬರಬೇಕಾದ ಜಾಗದಲ್ಲಿ ಹೆಸರನ್ನಷ್ಟೇ ಇಟ್ಟರೆ ಸಾಕು. ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯಲ್ಲಿ ಹೆಸರು, ಊರು ಎಂಬ ಖಾಲಿ ಜಾಗಗಳಿರುವ ಹಾಗೆ. ಎಂಜಿನ್‌ಎಕ್ಸಿನ ಅಧಿಕೃತ ಇಮೇಜು 2020ರಿಂದ, ನಿಗದಿಯಾದ ಒಂದು ಕೋಶದಲ್ಲಿಟ್ಟ ನಮೂನೆಗಳ ಖಾಲಿ ಜಾಗಗಳನ್ನು ಏಳುವಾಗ ತಾನೇ ತುಂಬಿಕೊಳ್ಳುತ್ತದೆ. ಹುಡುಕಿ ಬದಲಿಸುವ ಆ ಉದ್ದನೆಯ ತುಂಡು ಹೀಗೆ ಇಡಿಯಾಗಿ ಬಿದ್ದುಹೋಯಿತು.

ಅನಂತರ ಉಳಿದ ಸಿದ್ಧತೆಗಳನ್ನು ಆಜ್ಞೆಯಿಂದ ತೆಗೆದು ಒಂದು ಪ್ರತ್ಯೇಕ ಕಡತದಲ್ಲಿ, ಸಾಲಿಗೊಂದು ಕೆಲಸದಂತೆ, ಬರೆದಳು. ಯಾವ ಕೆಲಸ ತಪ್ಪಿದರೂ ಅಲ್ಲಿಯೇ ನಿಲ್ಲಬೇಕೆಂಬ ಸೂಚನೆಯನ್ನು ಕಡತದ ತಲೆಯಲ್ಲಿ ಇಟ್ಟಳು. ‘ಆಗದಿದ್ದರೂ ಚಿಂತೆಯಿಲ್ಲ’ ಎಂಬ ಉದಾರತನ ಮನುಷ್ಯರ ನಡುವೆ ಚೆಂದ. ಸರ್ವರನ್ನು ಎಬ್ಬಿಸುವಾಗ ಅದು ತಪ್ಪನ್ನು ಬಚ್ಚಿಡುತ್ತದೆ. ಎರಡು ಕಡೆ ಟಿಪ್ಪಣಿಯನ್ನೂ ಬರೆದಳು. ‘ಇಲ್ಲಿ ಮಾಹಿತಿಕೋಶಕ್ಕೆ ಕಾಯುತ್ತೇವೆ’ ಎಂಬಂಥ ಟಿಪ್ಪಣಿಯಿಂದ ಪ್ರಯೋಜನ ಕಡಿಮೆ. ಅದು ಸಾಲಿನಲ್ಲಿಯೇ ಇದೆ. ಕಾಯದಿದ್ದರೆ ಹಿಂದಿನ ದಿನದ ಗೇಜನ್ನೇ ಪುಟ ತೋರಿಸುತ್ತದೆ ಎಂಬುದು ಸಾಲಿನಲ್ಲಿಲ್ಲ. ಅವಳು ಬರೆದುದು ಈ ಎರಡನೆಯದನ್ನು.

ಕೊನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಆರಂಭದ ಆಜ್ಞೆಯನ್ನು ಡಾಕರ್‌ಗೆ ಎರಡು ರೀತಿಯಲ್ಲಿ ಹೇಳಬಹುದು. ಒಂದು, ಮಾತಿನಂತೆ ಒಂದೇ ವಾಕ್ಯವಾಗಿ. ಇನ್ನೊಂದು, ಚೌಕ ಕಂಸದೊಳಗೆ ಪದಪದವನ್ನೂ ಬಿಡಿಸಿ, ನಡುವೆ ಅಲ್ಪವಿರಾಮವಿಟ್ಟು ಪಟ್ಟಿಯಾಗಿ. ವಾಕ್ಯವಾಗಿ ಬರೆದರೆ ಅದು ನೇರವಾಗಿ ಸರ್ವರಿಗೆ ಮುಟ್ಟುವುದಿಲ್ಲ. ಶೆಲ್ ಎಂಬ ಮಧ್ಯಸ್ಥನು ಅದನ್ನು ಓದಿ, ಅರ್ಥಮಾಡಿ, ಸರ್ವರನ್ನು ತನ್ನ ಕೈಕೆಳಗೆ ಎಬ್ಬಿಸುತ್ತಾನೆ. ಆಗ ಒಂದನೆಯ ಸಂಖ್ಯೆ ಮಧ್ಯಸ್ಥನದಾಗುತ್ತದೆ. ಪಟ್ಟಿಯಾಗಿ ಬರೆದರೆ ಮಧ್ಯಸ್ಥನೇ ಇಲ್ಲ.

ಮಧ್ಯಸ್ಥನಿದ್ದರೇನು ಹಾನಿ? ಏಳುವಾಗ ಏನೂ ಇಲ್ಲ, ತೊಂದರೆ ನಿಲ್ಲಿಸುವಾಗ. ಕಂಟೇನರನ್ನು ನಿಲ್ಲಿಸೆಂದು ಹೇಳಿದಾಗ ಡಾಕರ್ ಮೊದಲು ಒಂದನೆಯ ಕಾರ್ಯಕ್ಕೆ ಒಂದು ಸಂಜ್ಞೆಯನ್ನು ಕಳುಹಿಸುತ್ತದೆ: ಕೈಯಲ್ಲಿರುವುದನ್ನು ಮುಗಿಸಿ ಹೊರಡು. ಹತ್ತು ಸೆಕೆಂಡು ಕಾಯುತ್ತದೆ. ಅಷ್ಟರೊಳಗೆ ಹೊರಡದಿದ್ದರೆ ಮಾತಿಲ್ಲದೆ ಕೊಲ್ಲುತ್ತದೆ. ಮಧ್ಯಸ್ಥನಾದ ಶೆಲ್ ಈ ಸಂಜ್ಞೆಯನ್ನು ತನ್ನ ಕೈಕೆಳಗಿನ ಸರ್ವರಿಗೆ ದಾಟಿಸುವುದಿಲ್ಲ. ಬೇರೆ ಕಾರ್ಯವಾಗಿದ್ದರೆ ಸಂಜ್ಞೆ ತಾಗಿದೊಡನೆ ಮುಗಿಯುತ್ತಿತ್ತು. ಆದರೆ ಒಂದನೆಯ ಕಾರ್ಯಕ್ಕೆ ಲಿನಕ್ಸ್ ವಿಶೇಷ ರಕ್ಷಣೆಯನ್ನು ನೀಡಿದೆ. ಸಂಜ್ಞೆಗೆ ಏನು ಮಾಡಬೇಕೆಂದು ಅದು ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ ಆ ಸಂಜ್ಞೆ ಅದನ್ನು ತಾಗುವುದೇ ಇಲ್ಲ. ಹೀಗಾಗಿ ಹತ್ತು ಸೆಕೆಂಡು ವ್ಯರ್ಥವಾಗಿ ಕಳೆದು, ಸರ್ವರ್ ಏನೊಂದನ್ನೂ ಅರಿಯದೆ, ಯಾರಿಗೋ ಅರ್ಧ ಪುಟ ಕಳುಹಿಸುತ್ತಿದ್ದಾಗಲೇ ಸಾಯುತ್ತದೆ. ಆ ಯಾರೋ ಒಬ್ಬನು ಅರ್ಜಿಯನ್ನು ಸಲ್ಲಿಸುತ್ತಿದ್ದವನಾದರೆ, ಅದು ಮುಟ್ಟಿತೋ ಇಲ್ಲವೋ ಎಂಬುದು ಅವನಿಗೆ ತಿಳಿಯದು. ಕೆಲವು ಶೆಲ್ಲುಗಳು, ವಾಕ್ಯದಲ್ಲಿ ಒಂದೇ ಆಜ್ಞೆಯಿದ್ದಾಗ, ತಾವಾಗಿ ಸ್ಥಾನವನ್ನು ಬಿಟ್ಟುಕೊಡುವುದುಂಟು. ಅವುಗಳ ಸೌಜನ್ಯವನ್ನು ನಂಬಿ ಕೂಡುವುದು ಉಚಿತವಲ್ಲ.

ಸಿದ್ಧತೆಗಳಿದ್ದಾಗ ಶೆಲ್ ಬೇಕೇ ಬೇಕಾಗುತ್ತದೆ. ಅದಕ್ಕೂ ಪರಿಹಾರವುಂಟು. ಸಿದ್ಧತೆಯ ಕಡತದ ಕೊನೆಯ ಸಾಲಿನಲ್ಲಿ, ಸರ್ವರಿನ ಹೆಸರಿನ ಹಿಂದೆ ‘ಎಕ್ಸೆಕ್’ ಎಂಬ ಒಂದು ಪದವನ್ನು ಇಡಬೇಕು. ಆಗ ಶೆಲ್ ಸರ್ವರನ್ನು ಕೈಕೆಳಗೆ ಎಬ್ಬಿಸದೆ, ತನ್ನ ಕುರ್ಚಿಯನ್ನೇ ಅದಕ್ಕೆ ಬಿಟ್ಟು ಇಲ್ಲವಾಗುತ್ತದೆ. ಸಂಖ್ಯೆ ಅದೇ 1, ಕುಳಿತವನು ಬೇರೆ. ಮುಂದೆ ಬರುವ ಸಂಜ್ಞೆ ನೇರವಾಗಿ ಸರ್ವರಿಗೆ ಮುಟ್ಟುತ್ತದೆ. ಎಂಜಿನ್‌ಎಕ್ಸಿನ ಅಧಿಕೃತ ಇಮೇಜಿನಲ್ಲಿರುವ ಸಿದ್ಧತೆಯ ಕಡತವೂ ಇದೇ ಪದದ ಸಾಲಿನಿಂದ ಮುಗಿಯುತ್ತದೆ. ಆ ಇಮೇಜಿನಲ್ಲಿ ಇನ್ನೊಂದು ಜಾಣತನವಿದೆ. ಡಾಕರ್ ಸಾಮಾನ್ಯವಾಗಿ ಕಳುಹಿಸುವ ಸಂಜ್ಞೆಯ ಹೆಸರು ಸಿಗ್‌ಟರ್ಮ್. ಅದು ಮುಟ್ಟಿದರೆ ಎಂಜಿನ್‌ಎಕ್ಸ್ ತಟ್ಟನೆ ನಿಲ್ಲುತ್ತದೆ. ಸಿಗ್‌ಕ್ವಿಟ್ ಎಂಬ ಬೇರೊಂದು ಸಂಜ್ಞೆ ಮುಟ್ಟಿದರೆ ಹೊಸಬರನ್ನು ಒಳಗೆ ಬಿಡದೆ, ಒಳಗಿದ್ದವರ ಕೆಲಸವನ್ನು ಪೂರೈಸಿ ನಿಲ್ಲುತ್ತದೆ. ಆದುದರಿಂದ ತನಗೆ ಸಿಗ್‌ಕ್ವಿಟ್ಟನ್ನೇ ಕಳುಹಿಸಬೇಕೆಂದು ಆ ಇಮೇಜಿನಲ್ಲಿ ಬರೆದಿಟ್ಟಿದ್ದಾರೆ.

ಹೊಸಬಳು ಬರೆದ ಆರಂಭದ ಆಜ್ಞೆಯಲ್ಲಿ ಈಗ ಉಳಿದಿರುವುದು ಮೂರು ತುಣುಕುಗಳ ಒಂದು ಪಟ್ಟಿ: ಎಂಜಿನ್‌ಎಕ್ಸ್, ಅದಕ್ಕೊಂದು ಸೂಚನೆಯಿದೆ ಎಂದು ತಿಳಿಸುವ ಚಿಹ್ನೆ, ‘ಡೀಮನ್ ಆಫ್’ ಎಂಬ ಆ ಸೂಚನೆ. ಅದು ಸರಿಯಾಗಿದೆಯೇ ಎಂದು ನೋಡುವ ಬಗೆಯೂ ಸರಳ. ಕಂಟೇನರನ್ನು ಎಬ್ಬಿಸಿ, ಒಳಗಿನ ಕಾರ್ಯಗಳ ಪಟ್ಟಿಯನ್ನು ತೆಗೆದು, 1ರ ಎದುರಿಗೆ ಯಾರ ಹೆಸರಿದೆ ಎಂದು ನೋಡಬೇಕು; ಅಲ್ಲಿ ಶೆಲ್ಲಿನ ಹೆಸರಿದ್ದರೆ ‘ಎಕ್ಸೆಕ್’ ಮರೆತಿದೆ. ಬಳಿಕ, ಯಾರೂ ಪುಟ ಕೇಳದ ಹೊತ್ತಿನಲ್ಲಿ, ಕಂಟೇನರನ್ನು ನಿಲ್ಲಿಸೆಂದು ಹೇಳಿ ಸೆಕೆಂಡುಗಳನ್ನು ಎಣಿಸಬೇಕು. ಒಂದೆರಡು ಸೆಕೆಂಡಿನಲ್ಲಿ ನಿಂತರೆ ಸಂಜ್ಞೆ ಸರ್ವರಿಗೆ ಮುಟ್ಟಿದೆ. ಪೂರಾ ಹತ್ತು ಎಣಿಸುವವರೆಗೆ ನಿಲ್ಲದಿದ್ದರೆ ನಡುವೆ ಯಾರೋ ಕುಳಿತಿದ್ದಾರೆ.